ನಂಬಿ ಹೇಳಿದ್ದನ್ನು ಕಾಯುವುದು ಹೇಗೆ? ಕೊಡಗಿನ ಆರೋಗ್ಯ ಸೇವಾ ಸಂಸ್ಥೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ತೋಟಕ್ಕೆ ಆರೋಗ್ಯ ಶಿಬಿರ ನಡೆಸಲು ಹೋಗಿದ್ದೆವು. ಕಣದ ಒಂದು ಮೂಲೆಯಲ್ಲಿ ಮೇಜು, ನಾಲ್ಕು ಕುರ್ಚಿ, ಬಿಪಿ ನೋಡುವ ಯಂತ್ರ. ಕತ್ತಲಾಗುತ್ತಾ ಬಂದಿತ್ತು, ಸಾಲು ಇನ್ನೂ ಉದ್ದವಿತ್ತು. ಬೇಗ ಮುಗಿಯಲಿ ಎಂದು ನಾನೇ ಎದ್ದು ನಿಂತು, "ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇರೋರು ಈ ಕಡೆ ಬನ್ನಿ" ಎಂದು ಕೂಗಿದೆ. ಮೂವರು ಬಂದರು. ಅವರಲ್ಲಿ ಒಬ್ಬ ಹೆಂಗಸಿನ ಕಫ ಕ್ಷಯದ ಪರೀಕ್ಷೆಗೆ ಹೋಯಿತು. ಆ ರಾತ್ರಿಯೇ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲೆಲ್ಲ ಸುದ್ದಿಯಾಗಿತ್ತು. ಆಕೆಯ ಮಗುವನ್ನು ಪಕ್ಕದವರು ತಮ್ಮ ಮಕ್ಕಳೊಂದಿಗೆ ಆಡಲು ಬಿಡಲಿಲ್ಲ. ಫಲಿತಾಂಶ ಹಿಡಿದು ನಾವು ಮತ್ತೆ ಹೋದಾಗ ಕೋಣೆಗೆ ಬೀಗ. ತಡಮಾಡದೆ ಔಷಧಿ ಶುರು ಮಾಡಬೇಕಾಗಿದ್ದ ಆಕೆ ಬೇರೆ ತೋಟ ಹುಡುಕಿಕೊಂಡು ಹೋಗಿದ್ದಳು. ಪತ್ತೆ ಹಚ್ಚಿ ಚಿಕಿತ್ಸೆಗೆ ಸೇರಿಸುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಅದು ಯಾವ ತೋಟ, ಯಾವ ವರ್ಷ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಕಡೆಯ ಓದುಗರಲ್ಲಿ ಹತ್ತು ಜನರಿಗಾದರೂ ಆಕೆ ಯಾರೆಂದು ಗೊತ್ತಾಗುತ್ತದೆ. ಕೊಡಗಿನಲ್ಲಿ ಮಾಹಿತಿ ಕಾಯುವ ಕೆಲಸದ ಕಷ್ಟವೇ ಇದು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಬೆಂಗಳೂರಿನಲ್ಲಿ ಹೆಸರು ಅಳಿಸಿಬಿಟ್ಟರೆ ಮನುಷ್ಯ ಗುಂಪಿನಲ್ಲಿ ಕರಗಿಹೋಗುತ್ತಾನೆ. ಇಲ್ಲಿ ಹಾಗಲ್ಲ. ಒಕ್ಕದ (ಕೊಡವ ಮನೆತನದ) ಹೆಸರು ಹೇಳಿದರೆ ಅದರ ಮೂಲಮನೆಯಾದ ಐನ್‌ಮನೆ ಎಲ್ಲಿದೆ ಎಂದು ಗೊತ್ತು. ತೋಟದ ಹೆಸರು ಹೇಳಿದರೆ ಅಲ್ಲಿ ಎಷ್ಟು ಲೈನ್ ಮನೆ, ಯಾವುದರಲ್ಲಿ ಯಾರು ಎಂದು ಗೊತ್ತು. "ನಾಪೋಕ್ಲು ಕಡೆಯ, ಮಿಲಿಟರಿಯಿಂದ ನಿವೃತ್ತರಾದ, ಕಿಡ್ನಿ ತೊಂದರೆ ಇರುವ ಒಬ್ಬರು" ಎಂದರೆ ಸಾಕು, ಹೆಸರು ಬೇಕಿಲ್ಲ. ಹೊರಗಿನಿಂದ ತಂದ ನಿಯಮಗಳು ಹೆಸರನ್ನು ಮಾತ್ರ ಮುಚ್ಚುತ್ತವೆ. ನಾವು ಹೆಸರಿನ ಸುತ್ತ ಇರುವುದನ್ನೂ ಮುಚ್ಚಬೇಕು.

ಶಿಬಿರ ನಡೆಸುವ ಟ್ರಸ್ಟ್, ಉಪಶಮನ ಆರೈಕೆಗೆ ಮನೆಮನೆಗೆ ಹೋಗುವ ಗುಂಪು, ರಕ್ತದಾನಿಗಳ ಪಟ್ಟಿ ಇಟ್ಟುಕೊಂಡ ಯುವಕ ಸಂಘ, ಹೀಗೆ ಸಣ್ಣ ಸಂಸ್ಥೆಗಳಲ್ಲಿ ದುಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ದುಡ್ಡು ಬೇಕಾಗುವುದು ಇದರಲ್ಲಿ ಏನೂ ಇಲ್ಲ.

ಶುರು ಮಾಡುವ ಮುಂಚೆ: ಕಾನೂನು ಎಷ್ಟು ಗೊತ್ತಿರಬೇಕು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಒಪ್ಪಿಗೆ, ಸುರಕ್ಷತೆ ಮುಂತಾದ ಮುಖ್ಯ ಕರ್ತವ್ಯಗಳಿಗೆ ಆಗ ಕೊಟ್ಟ ತಯಾರಿಯ ಅವಧಿ 18 ತಿಂಗಳು. ಸುರಕ್ಷತೆಯಲ್ಲಿ ಲೋಪವಾದರೆ ದಂಡ ಗರಿಷ್ಠ 250 ಕೋಟಿ ರೂಪಾಯಿ ತನಕ ಹೋಗಬಹುದು.

"ನಮ್ಮದು ಬರೀ ನೋಟ್‌ಬುಕ್, ಕಂಪ್ಯೂಟರೇ ಇಲ್ಲ" ಎಂದು ಸುಮ್ಮನಿರುವ ಹಾಗಿಲ್ಲ. ಕಾಗದದಲ್ಲಿ ಬರೆದದ್ದನ್ನು ಆಮೇಲೆ ಡಿಜಿಟಲ್ ಮಾಡಿದರೂ ಈ ಕಾಯ್ದೆ ಅನ್ವಯಿಸುತ್ತದೆ. ರಿಜಿಸ್ಟರಿನ ಪುಟವನ್ನು ಎಕ್ಸೆಲ್ಲಿಗೆ ಹಾಕಿದಿರಿ, ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಿರಿ ಎಂದರೆ ನೀವೂ ಅದರ ವ್ಯಾಪ್ತಿಗೆ ಬಂದಿರಿ ಎಂದೇ ತಿಳಿದುಕೊಳ್ಳಿ.

ಇದಲ್ಲದೆ ಕೆಲವು ಕಾಯಿಲೆಗಳಿಗೆ ಬೇರೆಯೇ ಕಾನೂನುಗಳಿವೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಂತೆ, ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ. ಅಂಥ ದಾಖಲೆ ಇಟ್ಟುಕೊಂಡ ಸಂಸ್ಥೆ ಅದಕ್ಕೆ ರಕ್ಷಣೆಯನ್ನೂ ಮಾಡಿರಬೇಕು. ಮಾನಸಿಕ ಆರೋಗ್ಯ ಕಾಯ್ದೆ, 2017 ಕೂಡ ರೋಗಿಯ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ.

ಹೆಜ್ಜೆ 1: ಮಾಹಿತಿ ಎಲ್ಲೆಲ್ಲಿ ಬಿದ್ದಿದೆ ಎಂದು ನೋಡಿ

ಒಂದು ಮಧ್ಯಾಹ್ನ ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ನಮ್ಮ ಹತ್ತಿರ ಯಾರ ಮಾಹಿತಿ ಇದೆ, ಯಾವುದು, ಎಲ್ಲಿದೆ, ಯಾರ ಕೈಗೆ ಸಿಗುತ್ತದೆ. ನಾವು ಮಾಡಿದಾಗ ರಿಜಿಸ್ಟರುಗಳು ಮೂರೇ ಎಂದುಕೊಂಡಿದ್ದೆವು. ಸಿಕ್ಕಿದ್ದು ಜೀಪಿನ ಡ್ಯಾಶ್‌ಬೋರ್ಡಿನೊಳಗೆ ಔಷಧಿ ಪಟ್ಟಿ, ಕೆಲಸ ಬಿಟ್ಟು ಹೋದ ಹುಡುಗಿಯ ಫೋನಿನಲ್ಲಿ ರಿಪೋರ್ಟುಗಳ ಫೋಟೋ, ಖಜಾಂಚಿಯವರ ಮನೆಯ ಅಟ್ಟದಲ್ಲಿ ಹಳೆಯ ಶಿಬಿರದ ಫಾರಂಗಳ ಕಟ್ಟು, ಪೇಟೆಯ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರಿಂಟಿಗೆ ಕಳಿಸಿದ್ದ ಫೈಲು. ಈ ಹಾಳೆ ತಯಾರಾಗದೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗುವುದಿಲ್ಲ.

ಹೆಜ್ಜೆ 2: ಬೇಡದ್ದನ್ನು ಕೇಳಲೇಬೇಡಿ

ನಮ್ಮ ಬಳಿ ಇಲ್ಲದ ಮಾಹಿತಿ ಸೋರುವುದಿಲ್ಲ. ನಿಮ್ಮ ನೋಂದಣಿ ಫಾರಂ ತೆಗೆದು, ಒಂದೊಂದು ಸಾಲಿಗೂ "ಇದು ಚಿಕಿತ್ಸೆಗೆ ಬೇಕಾ?" ಎಂದು ಕೇಳಿ. ಬೇಡ ಎಂದಾದರೆ ಹೊಡೆದುಹಾಕಿ. ಬಿಪಿ ನೋಡಲು ಜಾತಿ ಬೇಡ. ಶುಗರ್ ನೋಡಲು ಗಂಡನ ಕೆಲಸ ಬೇಡ. ಬುಡಕಟ್ಟು ಜನರ ಹಾಡಿಗಳಲ್ಲಿ ಸಿಕಲ್ ಸೆಲ್ ಎಂಬ, ವಂಶದಲ್ಲಿ ಹರಿದುಬರುವ ರಕ್ತದ ಕಾಯಿಲೆಯ ತಪಾಸಣೆ ಮಾಡುವಾಗ ಸಮುದಾಯ ಯಾವುದು ಎಂಬುದಕ್ಕೆ ವೈದ್ಯಕೀಯ ಕಾರಣವಿದೆ; ಹಾಗಿದ್ದರೆ ಆ ಫಾರಂನಲ್ಲಿ ಮಾತ್ರ ಇರಲಿ.

ಆಧಾರ್ ಝೆರಾಕ್ಸ್ ಕೇಳುವ ಚಟವನ್ನು ದಯವಿಟ್ಟು ಬಿಡಿ. ಸರ್ಕಾರದ ಯೋಜನೆಗೆ ನೋಂದಾಯಿಸಿ ಕೊಡುವಾಗ ಬೇಕಾಗಬಹುದು. ಆಗಲೂ ನೋಡಿ, ನಮೂದಿಸಿ, ಕಾರ್ಡನ್ನು ಅವರ ಕೈಗೇ ವಾಪಸ್ ಕೊಡಿ. ಪ್ರತಿ ಇಡಲೇಬೇಕು ಎಂದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಅದನ್ನು ಇಳಿಸಿಕೊಳ್ಳಿ. ಒಟಿಪಿ ಬಂದರೆ ಅವರೇ ಓದಿ ಹೇಳಲಿ, ಅವರ ಕಣ್ಣೆದುರಿಗೇ ಹಾಕಿ, ಎಲ್ಲಿಯೂ ಬರೆದಿಡಬೇಡಿ.

ಹೆಜ್ಜೆ 3: ಒಪ್ಪಿಗೆ ಕೇಳುವುದು

ಬಹಳ ಸಂಸ್ಥೆಗಳಲ್ಲಿ ಒಪ್ಪಿಗೆ ಎಂದರೆ ಫಾರಂನ ಕೆಳಗೆ ಹೆಬ್ಬೆಟ್ಟು. ಅದು ಒಪ್ಪಿಗೆಯಲ್ಲ. ಏನು ಬರೆದುಕೊಳ್ಳುತ್ತೇವೆ, ಯಾಕೆ, ಯಾರು ನೋಡುತ್ತಾರೆ, ಬೇಡ ಎಂದರೆ ಏನಾಗುತ್ತದೆ ಎಂಬ ನಾಲ್ಕೂ ಎದುರಿನವರಿಗೆ ಅರ್ಥವಾಗಿರಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎನ್ನುತ್ತದೆ ಕಾಯ್ದೆ.

ಭಾಷೆಯ ವಿಷಯ ಕೊಡಗಿನಲ್ಲಿ ಸಣ್ಣದಲ್ಲ. ಕಾಯ್ದೆಯ ಪ್ರಕಾರ ತಿಳಿವಳಿಕೆ ಪತ್ರ ಇಂಗ್ಲಿಷಿನಲ್ಲೋ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲೋ ಸಿಗುವಂತಿರಬೇಕು. ಕನ್ನಡ, ಮಲಯಾಳ, ತಮಿಳು, ಅಸ್ಸಾಮಿ, ಬಂಗಾಳಿ ಆ ಪಟ್ಟಿಯಲ್ಲಿವೆ. ಕೊಡವ ತಕ್ಕ್ ಇಲ್ಲ, ಅರೆಭಾಷೆ ಇಲ್ಲ, ತುಳು ಇಲ್ಲ, ಬ್ಯಾರಿ ಇಲ್ಲ, ಯರವ ಭಾಷೆಯೂ ಇಲ್ಲ. ಆದರೆ ನಮ್ಮ ಶಿಬಿರಕ್ಕೆ ಬರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಆಡುವುದು ಇವನ್ನೇ. ಹಾಗಾಗಿ ಕಾಗದ ಕನ್ನಡದಲ್ಲಿರಲಿ, ಮಾತು ಅವರ ಭಾಷೆಯಲ್ಲಿರಲಿ. ಒಮ್ಮೆ ಸರಿಯಾಗಿ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೆ ಪ್ರತಿ ಶಿಬಿರದಲ್ಲೂ ಕೇಳಿಸಬಹುದು.

ನಾವು ಓದಿ ಹೇಳುವುದು ಹೀಗೆ. ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ:

"ನಮಸ್ಕಾರ. ನಾವು ಇಲ್ಲಿ ಬಿಪಿ, ಶುಗರ್ ಮತ್ತು ರಕ್ತ ಪರೀಕ್ಷೆ ಮಾಡುತ್ತೇವೆ. ನಿಮ್ಮ ಹೆಸರು, ವಯಸ್ಸು, ಫೋನ್ ನಂಬರು, ಪರೀಕ್ಷೆಯಲ್ಲಿ ಕಂಡದ್ದು, ಇಷ್ಟನ್ನು ಬರೆದುಕೊಳ್ಳುತ್ತೇವೆ. ಮುಂದಿನ ಸಲ ಬಂದಾಗ ಹೋಲಿಸಿ ನೋಡಲು, ಔಷಧಿ ಬೇಕಿದ್ದರೆ ನಿಮಗೆ ತಿಳಿಸಲು ಅದು ಬೇಕು. ಡಾಕ್ಟರು ಮತ್ತು ನಮ್ಮ ಸಿಸ್ಟರ್ ಬಿಟ್ಟು ಬೇರೆ ಯಾರೂ ಇದನ್ನು ನೋಡುವುದಿಲ್ಲ. ತೋಟದವರಿಗೆ ಕೊಡುವುದಿಲ್ಲ. ನೀವು ಹೇಳದೆ ನಿಮ್ಮ ಮನೆಯವರಿಗೂ ಕೊಡುವುದಿಲ್ಲ. ಒಂದು ವಿಷಯ ಮೊದಲೇ ಹೇಳುತ್ತೇವೆ: ಕ್ಷಯ ಕಂಡರೆ ಸರ್ಕಾರಿ ಆಸ್ಪತ್ರೆಗೆ ತಿಳಿಸಲೇಬೇಕು. ಅಲ್ಲಿ ಔಷಧಿ ಉಚಿತ. ಬರೆದುಕೊಳ್ಳುವುದು ಬೇಡ ಎಂದರೂ ಇವತ್ತು ನಿಮ್ಮ ಬಿಪಿ, ಶುಗರ್ ನೋಡಿಕೊಡುತ್ತೇವೆ. ಈಗ ಸರಿ ಎಂದು ಆಮೇಲೆ ಬೇಡ ಅನ್ನಿಸಿದರೆ ಈ ಚೀಟಿಯಲ್ಲಿರುವ ನಂಬರಿಗೆ ಒಂದು ಫೋನ್ ಮಾಡಿ. ಕಾನೂನು ಇಟ್ಟುಕೊಳ್ಳಿ ಎನ್ನುವುದನ್ನು ಬಿಟ್ಟು ಉಳಿದದ್ದನ್ನು ಅಳಿಸುತ್ತೇವೆ. ಬರೆದುಕೊಳ್ಳಬಹುದಾ?"

ಕ್ಷಯದ ಸಾಲನ್ನು ಬಿಟ್ಟುಬಿಡೋಣ, ಜನ ಹೆದರುತ್ತಾರೆ ಎಂದು ನಮ್ಮಲ್ಲೇ ಕೆಲವರು ವಾದಿಸಿದ್ದರು. 2012ರಿಂದ ಕ್ಷಯ ರೋಗಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಉಳಿಸಿಕೊಳ್ಳಲಾಗದ ಮಾತು ಕೊಟ್ಟು ಪರೀಕ್ಷೆ ಮಾಡಿಸುವುದಕ್ಕಿಂತ, ನಿಜ ಹೇಳಿ ಒಬ್ಬರು ಹಿಂದೆ ಸರಿದರೆ ಅವರ ಜೊತೆ ಮತ್ತೆ ಕೂತು ಮಾತಾಡುವುದು ಮೇಲು.

ದುಭಾಷಿ ಯಾರು ಎಂಬುದನ್ನೂ ಯೋಚಿಸಿ. ಅಸ್ಸಾಮಿನಿಂದ ಬಂದ ಕಾರ್ಮಿಕರ ಜೊತೆ ಮಾತಾಡಲು ಮೇಸ್ತ್ರಿಯನ್ನೇ ಕರೆದು ಕೂರಿಸುವುದು ಸುಲಭ. ಆದರೆ ಅವರಿಗೆ ಕೆಲಸ ಕೊಡಿಸುವವನೂ ತೆಗೆಸುವವನೂ ಅವನೇ. ಅವನೆದುರು ಯಾರೂ ಮುಟ್ಟಿನ ತೊಂದರೆ, ಕುಡಿತ, ಹಳೆಯ ಕಾಯಿಲೆ ಹೇಳಿಕೊಳ್ಳುವುದಿಲ್ಲ. ಬೇರೆ ಊರಿನಲ್ಲಿರುವ, ಆ ಭಾಷೆ ಬಲ್ಲ ಒಬ್ಬರನ್ನು ಫೋನಿನಲ್ಲಿ ಜೊತೆಗಿಟ್ಟುಕೊಳ್ಳಿ. ಹಾಡಿಗೆ ಹೋಗುವಾಗಲೂ ಅದೇ ಹಾಡಿಯವರ ಬದಲು ಇನ್ನೊಂದು ಹಾಡಿಯಿಂದ ಒಬ್ಬ ಅಕ್ಕನನ್ನು ಕರೆದುಕೊಂಡು ಹೋಗಿ.

18 ವರ್ಷದೊಳಗಿನವರ ಮಾಹಿತಿಗೆ ತಂದೆ, ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಶಾಲೆಯ ಶಿಬಿರದಲ್ಲಿ ಹೆಡ್‌ಮಾಸ್ಟರ ಸಹಿ ಅದಕ್ಕೆ ಬದಲಿಯಾಗದು. ಒಂದು ವಾರ ಮೊದಲೇ ಮಕ್ಕಳ ಕೈಯಲ್ಲಿ ಚೀಟಿ ಕಳಿಸಿ.

ಹೆಜ್ಜೆ 4: ಶಿಬಿರದ ದಿನ

ಗುಟ್ಟು ಬಯಲಾಗುವುದು ಹೆಚ್ಚಾಗಿ ಬಾಯಿಂದ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ, ಮೇಜಿನಲ್ಲಿ "ನಿಮ್ಮ ಶುಗರ್ 320 ಇದೆ ಅಕ್ಕಾ!" ಎಂದು ಕೂಗಿದರೆ ಏನು ಬಂತು? ಅದರಲ್ಲೂ ಮಳೆಗಾಲದಲ್ಲಿ, ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ, ಯಾರೂ ಮೆಲ್ಲಗೆ ಮಾತಾಡಲಾಗುವುದಿಲ್ಲ. ಜೂನ್ ಬಂತೆಂದರೆ ನಾವು ಅಂಕಿಯನ್ನು ಚೀಟಿಯಲ್ಲಿ ಬರೆದು ತೋರಿಸುತ್ತೇವೆ. ಓದಲು ಬಾರದವರನ್ನು ಒಳಗಿನ ಕೋಣೆಗೆ ಕರೆದು ಹತ್ತಿರ ಕೂತು ಹೇಳುತ್ತೇವೆ.

ಹೆಸರಿನ ಬದಲು ಟೋಕನ್ ನಂಬರ್ ಕೂಗಿ. ಕಾಯುವವರ ಬೆಂಚಿಗೂ ಡಾಕ್ಟರ ಮೇಜಿಗೂ ನಡುವೆ ಹತ್ತು ಹೆಜ್ಜೆಯಾದರೂ ಇರಲಿ. ಕೋಣೆ ಇಲ್ಲದಿದ್ದರೆ ಟಾರ್ಪಾಲು ಅಡ್ಡ ಕಟ್ಟಿ. ಕೆಮ್ಮಿನವರು ಒಂದು ಕಡೆ, ಶುಗರಿನವರು ಒಂದು ಕಡೆ ಎಂದು ಎಲ್ಲರೆದುರು ಬೇರ್ಪಡಿಸಬೇಡಿ. ಎಲ್ಲರೂ ಒಂದೇ ದಾರಿಯಲ್ಲಿ ಒಳಗೆ ಹೋಗಿ ಒಂದೇ ದಾರಿಯಲ್ಲಿ ಹೊರಬರಲಿ, ಒಳಗೆ ಕೇಳಬೇಕಾದ್ದನ್ನು ಒಳಗೇ ಕೇಳಿ. ನಾನು ಅಂದು ಕಣದಲ್ಲಿ ಮಾಡಬೇಕಾಗಿದ್ದು ಇಷ್ಟೇ. ಔಷಧಿ ಕವರಿನ ಮೇಲೆ ಕಾಯಿಲೆಯ ಹೆಸರು ಬರೆಯಬೇಡಿ. ಯಾವಾಗ, ಎಷ್ಟು ಎಂಬುದು ಸಾಕು.

ಮನೆ ಭೇಟಿಗೆ ಹೋಗುವಾಗ ಜೀಪಿನ ಬ್ಯಾನರ್ ಬಿಚ್ಚಿಡಿ. ಕಾಯಿಲೆಯ ಹೆಸರು ಬರೆದ ಗಾಡಿ ಒಂದೇ ಮನೆಯ ಮುಂದೆ ಪ್ರತಿ ತಿಂಗಳು ನಿಂತರೆ ಬೇರೆ ಹೇಳುವುದೇ ಬೇಡ. ಫೋನ್ ಮಾಡುವಾಗಲೂ ಅಷ್ಟೇ. ಲೈನ್ ಮನೆಯವರು ಕೊಟ್ಟ ನಂಬರು ಎಷ್ಟೋ ಸಲ ಪಕ್ಕದ ಮನೆಯವರದು, ಇಲ್ಲವೇ ಮೇಸ್ತ್ರಿಯದು. ನೋಂದಣಿಯಲ್ಲೇ "ಈ ಫೋನ್ ಯಾರ ಹತ್ತಿರ ಇರುತ್ತೆ?" ಎಂದು ಕೇಳಿ ಗುರುತು ಹಾಕಿಕೊಳ್ಳಿ. ಬೇರೆಯವರು ಎತ್ತಿದರೆ "ಮಡಿಕೇರಿಯಿಂದ ಮಾತಾಡ್ತಾ ಇದ್ದೇನೆ, ಅವರು ಬಂದ ಮೇಲೆ ಮಾಡ್ತೇನೆ" ಎಂದಷ್ಟೇ ಹೇಳಿ ಇಡಿ.

ಹೆಜ್ಜೆ 5: ಹೆಸರು ಒಂದು ಪುಸ್ತಕದಲ್ಲಿ, ಕಾಯಿಲೆ ಇನ್ನೊಂದರಲ್ಲಿ

ಎರಡು ರಿಜಿಸ್ಟರ್ ಮಾಡಿ. ಮೊದಲನೆಯದರಲ್ಲಿ ಕ್ರಮಸಂಖ್ಯೆ, ಹೆಸರು, ಊರು, ಫೋನ್. ಎರಡನೆಯದರಲ್ಲಿ ಅದೇ ಕ್ರಮಸಂಖ್ಯೆ, ವಯಸ್ಸು, ಪರೀಕ್ಷೆಯ ಅಂಕಿ, ಔಷಧಿ. ಎರಡನ್ನೂ ಬೇರೆ ಬೇರೆ ಬೀಗದಲ್ಲಿ ಇಡಿ. ಎರಡನೆಯದು ಬಸ್ಸಿನಲ್ಲಿ ಮರೆತುಹೋದರೂ ಸಿಕ್ಕವರಿಗೆ ಕಾಣುವುದು ಅಂಕಿಗಳು ಮಾತ್ರ.

ಕ್ರಮಸಂಖ್ಯೆ ಬರೀ ಸಂಖ್ಯೆಯಾಗಿರಲಿ. ಒಕ್ಕದ ಹೆಸರಿನ ಮೊದಲಕ್ಷರ, ತೋಟದ ಗುರುತು, ಹುಟ್ಟಿದ ವರ್ಷ ಸೇರಿಸಿ ಸಂಕೇತ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅಂಥದ್ದನ್ನು ಇಲ್ಲಿನವರು ಒಂದು ನಿಮಿಷದಲ್ಲಿ ಬಿಡಿಸುತ್ತಾರೆ. ಕಾಯಿಲೆಯ ಪುಸ್ತಕದಲ್ಲಿ ಊರಿನ ಹೆಸರು ಬರೆಯದಿರುವುದೂ ಇದೇ ಕಾರಣಕ್ಕೆ.

ಸಿಕಲ್ ಸೆಲ್ ಫಲಿತಾಂಶಕ್ಕೆ ಇನ್ನೂ ಒಂದು ಬೀಗ ಹೆಚ್ಚು ಹಾಕಬೇಕು ಎಂಬುದು ನನ್ನ ಅಭಿಪ್ರಾಯ. 2023ರ ಜುಲೈಯಲ್ಲಿ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. ಬುಡಕಟ್ಟು ಜನರಲ್ಲಿ 40 ವರ್ಷದವರೆಗಿನವರ ತಪಾಸಣೆ ಅದರ ಗುರಿ. ಒಳ್ಳೆಯ ಕೆಲಸ. ಆದರೆ ಈ ಫಲಿತಾಂಶ ಒಬ್ಬರದಲ್ಲ. ಮಗುವಿನಲ್ಲಿ ಸಿಕಲ್ ಸೆಲ್‌ನ ವಂಶಗುಣ ಕಂಡರೆ ತಂದೆ ತಾಯಿಯರಲ್ಲಿ ಒಬ್ಬರಲ್ಲಾದರೂ ಅದು ಇದೆ ಎಂದರ್ಥ. ಒಂದು ಕಾರ್ಡ್ ಬಯಲಾದರೆ ಇಡೀ ಕುಟುಂಬದ ಮದುವೆ ಮಾತುಕತೆಗಳಿಗೆ ಪೆಟ್ಟು ಬೀಳುತ್ತದೆ. ಗುಣ ಹೊತ್ತವರು ತಾವು ಆರೋಗ್ಯವಾಗಿಯೇ ಇರಬಹುದು ಎಂದು ಯಾರೂ ಆಮೇಲೆ ಕೇಳಿಸಿಕೊಳ್ಳುವುದಿಲ್ಲ.

ಹೆಜ್ಜೆ 6: ಕಾಗದವನ್ನು ಮಳೆಯಿಂದಲೂ ಕಾಯಬೇಕು

ಮಾಹಿತಿ ಕಳೆದುಹೋಗುವುದೂ ಒಂದು ನಷ್ಟವೇ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ರಿಜಿಸ್ಟರಿಗೆ ಬೂಸ್ಟು ಹಿಡಿದು ಹಾಳೆಗಳು ಅಂಟಿಕೊಂಡರೆ, ಒಬ್ಬರಿಗೆ ಯಾವ ಔಷಧಿ ಆಗುವುದಿಲ್ಲ ಎಂಬ ಸಾಲೂ ಹೋಯಿತು. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಮನೆಗಳಲ್ಲಿ ಬಟ್ಟೆಯ ಬೀರುವಿಗೆ ಮಾಡುವಂತೆ ಒಳಗೊಂದು ಸಣ್ಣ ಬಲ್ಬ್ ಹಾಕಬಹುದು, ಕಾಗದಕ್ಕೆ ತಾಗದ ಹಾಗೆ. ಇಲ್ಲವೆಂದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ. ನೀರಿಗೆ ಹರಡದ ಶಾಯಿಯಲ್ಲಿ ಬರೆಯಿರಿ. ಜೆಲ್ ಪೆನ್ ಬೇಡ, ಬಾಲ್ ಪೆನ್ ಸಾಕು. ಮುಖ್ಯವಾದದ್ದರ ಒಂದು ಪ್ರತಿ ಬೇರೆ ಕಡೆ ಇರಲಿ. ನಮ್ಮ ಮೂಲ ಮಡಿಕೇರಿಯಲ್ಲಿದೆ, ಪ್ರತಿ ಮಳೆ ಕಡಿಮೆ ಇರುವ ಕುಶಾಲನಗರದ ಕಡೆ, ಅಲ್ಲಿಯೂ ಬೀಗದೊಳಗೇ.

ಹೆಜ್ಜೆ 7: ಫೋನು ಮತ್ತು ಕಂಪ್ಯೂಟರ್

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಜನ ಪರಿಹಾರ ಕೇಂದ್ರಗಳಿಗೆ ಬಂದಾಗ, ಇನ್ಸುಲಿನ್ ಯಾರಿಗೆ ಬೇಕು, ಬಿಪಿ ಮಾತ್ರೆ ಯಾರಿಗೆ ಬೇಕು, ಗರ್ಭಿಣಿಯರು ಯಾರು ಎಂಬ ಪಟ್ಟಿಗಳು ಹೆಸರು ಮತ್ತು ನಂಬರಿನ ಸಮೇತ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದವು. ಕಳಿಸಿದವರ ಮನಸ್ಸು ಒಳ್ಳೆಯದೇ. ಅದರಿಂದ ಔಷಧಿ ತಲುಪಿಯೂ ಇತ್ತು. ವಿಪತ್ತಿನಲ್ಲಿ ಜೀವ ಉಳಿಸಲು ಒಪ್ಪಿಗೆಗೆ ಕಾಯಬೇಕಿಲ್ಲ ಎಂದು ಈಗಿನ ಕಾಯ್ದೆಯೂ ಒಪ್ಪುತ್ತದೆ. ಆದರೆ ಅಂಥದೊಂದು ಪಟ್ಟಿ ಎಷ್ಟೋ ತಿಂಗಳ ಮೇಲೆ, ಸಂಬಂಧವೇ ಇಲ್ಲದ ಒಂದು ಗುಂಪಿನಿಂದ ನನ್ನ ಫೋನಿಗೆ ಬಂತು. ಹೆಸರುಗಳೆಲ್ಲ ಹಾಗೇ ಇದ್ದವು. ಮುಂದೆ ಅಂಥ ಹೊತ್ತು ಬಂದರೆ ಗುಂಪಿಗೆ "ಈ ಕೇಂದ್ರಕ್ಕೆ ಇನ್ಸುಲಿನ್ ಇಷ್ಟು ಬೇಕು" ಎಂದು ಲೆಕ್ಕ ಮಾತ್ರ ಹಾಕಿ. ಹೆಸರು ಕೇಂದ್ರದಲ್ಲಿರುವ ಒಬ್ಬರ ಪುಸ್ತಕದಲ್ಲಿ ಇರಲಿ.

ಮಾಮೂಲಿ ದಿನಗಳಿಗೆ ಇಷ್ಟು: ರೋಗಿಗಳ ಕೆಲಸಕ್ಕೆ ಸಂಸ್ಥೆಯದೇ ಒಂದು ಫೋನ್ ಇರಲಿ, ಸ್ವಂತ ಫೋನ್ ಬೇಡ. ವಾಟ್ಸಾಪಿಗೆ ಬರುವ ಫೋಟೋ ಗ್ಯಾಲರಿಗೆ ತಾನಾಗಿ ಇಳಿಯದಂತೆ ಸೆಟ್ಟಿಂಗ್ ಬದಲಿಸಿ. ಗ್ಯಾಲರಿಯ ಫೋಟೋಗಳು ತಾವಾಗಿಯೇ ಗೂಗಲ್ ಫೋಟೋಸಿಗೆ ಹೋಗುತ್ತಿವೆಯೇ ನೋಡಿ. ಡಾಕ್ಟರಿಗೆ ರಿಪೋರ್ಟ್ ಕಳಿಸುವಾಗ ಮೇಲೆ ಹೆಸರಿರುವ ಭಾಗವನ್ನು ಮುಚ್ಚಿ ಫೋಟೋ ತೆಗೆಯಿರಿ, ಕ್ರಮಸಂಖ್ಯೆ ಹಾಕಿ, ಕೆಲಸ ಆದಮೇಲೆ ಅಳಿಸಿ. ಗೂಗಲ್ ಶೀಟಿನಲ್ಲಿ "ಲಿಂಕ್ ಇರುವ ಯಾರಾದರೂ ನೋಡಬಹುದು" ಎಂಬುದು ಆನ್ ಆಗಿದ್ದರೆ ಇವತ್ತೇ ತೆಗೆದು, ಬೇಕಾದವರ ಇಮೇಲ್ ಮಾತ್ರ ಸೇರಿಸಿ. ಎಕ್ಸೆಲ್ ಫೈಲಿಗೆ ಪಾಸ್‌ವರ್ಡ್ ಹಾಕಿ. ಮರೆತರೆ ಫೈಲನ್ನು ತೆರೆಯುವುದು ಆಗದ ಮಾತು, ಹಾಗಾಗಿ ಪಾಸ್‌ವರ್ಡನ್ನು ಒಂದು ಲಕೋಟೆಯಲ್ಲಿಟ್ಟು ಅಂಟಿಸಿ ಅಧ್ಯಕ್ಷರ ಬೀರುವಿನಲ್ಲಿಡಿ. ಇಮೇಲಿಗೆ ಎರಡು ಹಂತದ ಪರಿಶೀಲನೆ ಇರಲಿ. ಒಬ್ಬರು ಕೆಲಸ ಬಿಟ್ಟ ದಿನವೇ ಗುಂಪಿನಿಂದಲೂ ಶೀಟಿನಿಂದಲೂ ಅವರನ್ನು ತೆಗೆಯಿರಿ. ಅದು ಅವರ ಮೇಲಿನ ಅನುಮಾನವಲ್ಲ ಎಂದು ಮೊದಲೇ ಹೇಳಿರಿ.

ಹೆಜ್ಜೆ 8: ಕೇಳಿಕೊಂಡು ಬರುವವರಿಗೆ ಏನು ಹೇಳಬೇಕು

ಕಳ್ಳರು ನಮ್ಮ ರಿಜಿಸ್ಟರ್ ಕದಿಯಲು ಬಂದದ್ದನ್ನು ನಾನು ನೋಡಿಲ್ಲ. ನೋಡಿದ್ದು, ಹಕ್ಕಿದೆ ಎಂದುಕೊಂಡು ಪ್ರೀತಿಯಿಂದಲೇ ಕೇಳುವವರನ್ನು. ಅವರಿಗೆ ಇಲ್ಲ ಎನ್ನುವುದೇ ಈ ಕೆಲಸದ ಅತಿ ಕಷ್ಟದ ಭಾಗ. ಎದುರು ನಿಂತಾಗ ಮಾತು ಹೊಳೆಯುವುದಿಲ್ಲ, ಮೊದಲೇ ಅಭ್ಯಾಸ ಮಾಡಿಕೊಳ್ಳಿ.

ತೋಟದ ಮಾಲೀಕರು ಶಿಬಿರಕ್ಕೆ ಜಾಗ, ಊಟ, ಗಾಡಿ ಎಲ್ಲ ಕೊಟ್ಟಿರುತ್ತಾರೆ. ಕೊನೆಗೆ ತೋಟದ ಲೆಕ್ಕ ಬರೆಯುವ ರೈಟರ್ ಬಂದು "ಯಾರ್ಯಾರಿಗೆ ಏನಿದೆ ಅಂತ ಒಂದು ಲಿಸ್ಟ್ ಕೊಡಿ, ಸಾಹುಕಾರ್ರು ಕೇಳ್ತಾ ಇದ್ದಾರೆ" ಎನ್ನುತ್ತಾರೆ. ಆ ಹೊತ್ತಿನಲ್ಲಿ ಇಲ್ಲ ಎಂದರೆ ಮುಖ ಮುರಿದಂತೆ. ಶಿಬಿರದ ದಿನ ಗೊತ್ತು ಮಾಡುವಾಗಲೇ ಹೇಳಿ, ಒಂದು ಸಾಲು ಬರೆದೂ ಕೊಡಿ: "ಸರ್, ಎಷ್ಟು ಜನರನ್ನು ನೋಡಿದೆವು, ಯಾವ ವಿಷಯದಲ್ಲಿ ತೋಟದವರು ಗಮನ ಕೊಡಬೇಕು ಅಂತ ಬರೆದುಕೊಡ್ತೇವೆ. ಹೆಸರು ಕೊಡೋಕೆ ಕಾನೂನಿನಲ್ಲಿ ಬರಲ್ಲ." ಹೀಗೆ ಹೇಳಿದಾಗ ಬಹಳ ಮಾಲೀಕರು ಒಪ್ಪಿದ್ದಾರೆ, ಕುಡಿಯುವ ನೀರು, ಶೌಚಾಲಯ ಸರಿಮಾಡಿಸಿದವರೂ ಇದ್ದಾರೆ. ಒಪ್ಪದ ಕಡೆ ಶಿಬಿರ ಕೈಬಿಟ್ಟಿದ್ದೇವೆ. ಅಲ್ಲಿನ ಕಾರ್ಮಿಕರಿಗೆ ಭಾನುವಾರ ಸಂತೆಯ ಹತ್ತಿರ ಬರಲು ಹೇಳಿ ನೋಡಿದ್ದೇವೆ.

ಮನೆಯವರು ಕೇಳುವುದು ಇನ್ನೂ ಸೂಕ್ಷ್ಮ. ಒಕ್ಕದ ಹಿರಿಯರು ಬಂದು "ನಮ್ಮ ಹುಡುಗ ತಾನೇ, ಏನಾಗಿದೆ ಹೇಳು" ಎಂದಾಗ, ಚಿಕ್ಕಂದಿನಿಂದ ನೋಡಿದವರಿಗೆ ಎದುರು ಮಾತಾಡುವುದು ನಮ್ಮಲ್ಲಿ ರೂಢಿಯಿಲ್ಲ. ನಾನು ಹೇಳುವುದು: "ಅಂಕಲ್, ನೀವು ಇಷ್ಟು ಕಾಳಜಿ ಮಾಡ್ತೀರಲ್ಲ, ಅವನ ಹತ್ತಿರವೇ ಕೇಳಿ. ಅವನು ಒಪ್ಪಿದರೆ ಇಬ್ಬರೂ ಒಟ್ಟಿಗೆ ಬನ್ನಿ, ಡಾಕ್ಟರೇ ಕೂತು ವಿವರಿಸ್ತಾರೆ." "ಏನೂ ಆಗಿಲ್ಲ" ಎಂಬ ಸುಳ್ಳು ಬೇಡ. ಒಬ್ಬರ ವಿಷಯದಲ್ಲಿ "ಏನಿಲ್ಲ" ಎಂದು, ಇನ್ನೊಬ್ಬರ ವಿಷಯದಲ್ಲಿ "ಹೇಳಲಾಗುವುದಿಲ್ಲ" ಎಂದರೆ ಆ ವ್ಯತ್ಯಾಸವೇ ಉತ್ತರವಾಗುತ್ತದೆ. ಎಲ್ಲರಿಗೂ ಒಂದೇ ಮಾತಿರಲಿ.

ದಾನಿಗಳು ಫೋಟೋ ಕೇಳುತ್ತಾರೆ. 2022ರಲ್ಲಿ ಶುರುವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಕ್ಷಯ ರೋಗಿಗಳಿಗೆ ಪೌಷ್ಟಿಕ ಆಹಾರದ ಕಿಟ್ ಕೊಡುವವರು ತುಂಬ ಜನ ಇದ್ದಾರೆ, ಅದರಿಂದ ನಿಜವಾಗಿ ಉಪಯೋಗವಿದೆ. ಆದರೆ ಕಿಟ್ ಹಿಡಿಸಿ, ಪಕ್ಕ ನಿಲ್ಲಿಸಿ ತೆಗೆದ ಒಂದು ಫೋಟೋ ಆ ಮನುಷ್ಯನ ಕಾಯಿಲೆಯನ್ನು ಊರಿಗೇ ಸಾರುತ್ತದೆ. ಕೈಯಲ್ಲಿ ಕಿಟ್ ಇಟ್ಟುಕೊಂಡು "ಫೋಟೋ ತೆಗೆಯಬಹುದಾ" ಎಂದು ಕೇಳಿದರೆ ಬೇಡ ಎನ್ನುವ ಧೈರ್ಯ ಯಾರಿಗಿರುತ್ತದೆ? ನಾವು ಕಿಟ್ಟುಗಳ ಫೋಟೋ ಮಾತ್ರ ಕಳಿಸುತ್ತೇವೆ.

ಪೊಲೀಸರೋ ಬೇರೆ ಅಧಿಕಾರಿಗಳೋ ಕೇಳಿದರೆ, ಯಾವ ಕಾನೂನಿನಡಿ, ಯಾರ ಬಗ್ಗೆ, ಏನು ಎಂದು ಲಿಖಿತದಲ್ಲಿ ಪಡೆದು, ಡಾಕ್ಟರ್ ಮತ್ತು ವಕೀಲರಿಗೆ ತೋರಿಸಿ, ಕೇಳಿದಷ್ಟನ್ನೇ ಕೊಡಿ. ರೋಗಿಯೇ ತನ್ನ ದಾಖಲೆ ಕೇಳಿದರೆ ಇಷ್ಟು ಯೋಚನೆ ಬೇಡ. ಅದು ಅವರದು, ಕೊಡಿ. ವೈದ್ಯರಿಗಿರುವ ನಿಯಮದಲ್ಲಿ 72 ಗಂಟೆಯ ಗಡುವಿದೆ.

ಹೆಜ್ಜೆ 9: ದಾನಿಗಳದ್ದೂ ಖಾಸಗಿ ಮಾಹಿತಿಯೇ

ತೆರಿಗೆ ವಿನಾಯಿತಿಗೆ ಬೇಕಾಗುವ 80ಜಿ ರಸೀದಿಗಾಗಿ ದಾನಿಗಳ ಪ್ಯಾನ್ ನಂಬರ್, ವಿಳಾಸ ನಮ್ಮ ಬಳಿ ಇರುತ್ತದೆ. ಅದು ಲೆಕ್ಕ ಬರೆಯುವವರ ಹತ್ತಿರ ಮಾತ್ರ ಇರಲಿ. ಯಾರು ಎಷ್ಟು ಕೊಟ್ಟರು ಎಂದು ಬೋರ್ಡು ಹಾಕುವ ಮುಂಚೆ ಅವರನ್ನು ಕೇಳಿ. ಮಗಳ ನೆನಪಿಗೆ ಕೊಟ್ಟ ಹಣ ಎಲ್ಲರಿಗೂ ತಿಳಿಯುವುದು ಬೇಡ ಎನ್ನುವವರಿದ್ದಾರೆ.

ಹೆಜ್ಜೆ 10: ವರದಿ ಬರೆಯುವಾಗ

ಸಣ್ಣ ಅಂಕಿಗಳ ಬಗ್ಗೆ ಎಚ್ಚರ. "ವಿರಾಜಪೇಟೆ ತಾಲ್ಲೂಕಿನಲ್ಲಿ ಇಷ್ಟು ಜನರಿಗೆ ಶುಗರ್" ಎಂದು ಬರೆದರೆ ತೊಂದರೆಯಿಲ್ಲ. "ಇಂಥ ಗ್ರಾಮದಲ್ಲಿ ಇಬ್ಬರಿಗೆ ಎಚ್‌ಐವಿ" ಎಂದರೆ ಆ ಗ್ರಾಮದಲ್ಲಿ ನಾಳೆಯಿಂದ ಎಲ್ಲರೂ ಎಲ್ಲರನ್ನೂ ನೋಡುವ ಕಣ್ಣೇ ಬದಲಾಗುತ್ತದೆ. ನಮ್ಮಲ್ಲಿ 10ಕ್ಕಿಂತ ಕಡಿಮೆ ಇರುವ ಯಾವ ಸಂಖ್ಯೆಯನ್ನೂ ಊರಿನ ಹೆಸರಿನೊಂದಿಗೆ ಹಾಕುವುದಿಲ್ಲ; ತಾಲ್ಲೂಕಿನ ಲೆಕ್ಕಕ್ಕೆ ಸೇರಿಸುತ್ತೇವೆ, ಅದೂ ಸಣ್ಣದಾದರೆ ಜಿಲ್ಲೆಯ ಲೆಕ್ಕಕ್ಕೆ. ರೋಗಿಯ ಕಥೆ ಬರೆಯುವುದಾದರೆ ಅವರಿಗೇ ಓದಿ ಹೇಳಿ, "ಇದನ್ನು ಓದಿದರೆ ನಿಮ್ಮ ಊರಿನವರಿಗೆ ನೀವು ಅಂತ ಗೊತ್ತಾಗುತ್ತಾ?" ಎಂದು ಕೇಳಿ. ಆ ಪ್ರಶ್ನೆಗೆ ನಮಗಿಂತ ಅವರೇ ಸರಿಯಾದ ಉತ್ತರ ಕೊಡುತ್ತಾರೆ.

ಹೆಜ್ಜೆ 11: ಸೋರಿದಾಗ

ಎಷ್ಟು ಎಚ್ಚರವಿದ್ದರೂ ಒಂದು ದಿನ ಫೋನ್ ಕಳೆಯುತ್ತದೆ, ತಪ್ಪು ಗುಂಪಿಗೆ ಫೈಲ್ ಹೋಗುತ್ತದೆ. ಮೊದಲು ಹರಿಯುವುದನ್ನು ನಿಲ್ಲಿಸಿ: ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸಿ, ಪಾಸ್‌ವರ್ಡ್ ಬದಲಿಸಿ, ಕಳೆದ ಫೋನನ್ನು ದೂರದಿಂದಲೇ ಲಾಕ್ ಮಾಡಿ. ಏನು, ಯಾವಾಗ, ಯಾರದು ಎಂದು ಅಲ್ಲೇ ಬರೆದಿಡಿ. ಆಮೇಲೆ ಯಾರ ಮಾಹಿತಿ ಹೋಯಿತೋ ಅವರ ಬಳಿಗೆ ಹೋಗಿ, ಅವರ ಭಾಷೆಯಲ್ಲಿ ಹೇಳಿ: ಹೀಗಾಯಿತು, ತಪ್ಪು ನಮ್ಮದು, ಇದರಿಂದ ನಿಮಗೆ ಇಂಥ ತೊಂದರೆ ಆಗಬಹುದು, ನಾವು ಇಷ್ಟು ಮಾಡಿದ್ದೇವೆ. ಹೊಸ ನಿಯಮಗಳಂತೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, 72 ಗಂಟೆಯೊಳಗೆ ಪೂರ್ತಿ ವಿವರ ಕೊಡಬೇಕು. ತಪ್ಪು ಮಾಡಿದ ಕಾರ್ಯಕರ್ತರನ್ನು ಎಲ್ಲರೆದುರು ಬೈಯಬೇಡಿ. ಒಮ್ಮೆ ಬೈದರೆ ಮುಂದಿನ ಸಲ ಫೋನ್ ಕಳೆದದ್ದು ನಿಮಗೆ ಗೊತ್ತಾಗುವುದು ವಾರ ಕಳೆದ ಮೇಲೆ.

ಹೆಜ್ಜೆ 12: ಹಳೆಯದನ್ನು ಇಲ್ಲವಾಗಿಸುವುದು

ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲಿ ಚಿಕಿತ್ಸೆಯ ದಾಖಲೆಯನ್ನು ಮೂರು ವರ್ಷ ಇಡಬೇಕು ಎಂದಿದೆ. ಮುಂದುವರಿಯುವ ಚಿಕಿತ್ಸೆಯಾದರೆ ಡಾಕ್ಟರು ಹೇಳುವಷ್ಟು ಕಾಲ ಇಡಿ. ಲೆಕ್ಕಪತ್ರ, ರಸೀದಿಗಳ ಅವಧಿಯನ್ನು ಆಡಿಟರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಅದರಾಚೆ "ಇರಲಿ, ಬೇಕಾಗಬಹುದು" ಎಂದು ಏನನ್ನೂ ಉಳಿಸಬೇಡಿ.

ಹಳೆಯ ರಿಜಿಸ್ಟರನ್ನು ಗುಜರಿಗೆ ಹಾಕಲೇಬಾರದು. ಒಂದು ಶಿಬಿರದ ಫಾರಂ ಸಂತೆಯಲ್ಲಿ ಕಡಲೆ ಪೊಟ್ಟಣವಾಗಿ ಕೈಗೆ ಬಂದದ್ದನ್ನು ನಾನೇ ಕಂಡಿದ್ದೇನೆ, ಹೆಸರು, ವಯಸ್ಸು, ಗರ್ಭಪಾತದ ವಿವರ ಎಲ್ಲ ಅದರಲ್ಲಿತ್ತು. ನಾವು ವರ್ಷಕ್ಕೊಮ್ಮೆ, ಸುಗ್ಗಿಯ ಹಬ್ಬ ಹುತ್ತರಿ ಮುಗಿದು ಬಿಸಿಲು ಗಟ್ಟಿಯಾದ ಮೇಲೆ, ಅವಧಿ ಮೀರಿದ ಪುಸ್ತಕಗಳನ್ನು ಹೊರತೆಗೆಯುತ್ತೇವೆ. ಮಳೆಗಾಲದಲ್ಲಿ ತೇವ ಹಿಡಿದ ಪುಸ್ತಕವನ್ನು ಇಡಿಯಾಗಿ ಬೆಂಕಿಗೆ ಹಾಕಿದರೆ ಅಂಚು ಮಾತ್ರ ಸುಟ್ಟು ನಡುವಿನ ಹಾಳೆಗಳು ಓದುವಂತೆಯೇ ಉಳಿಯುತ್ತವೆ. ಹಾಗಾಗಿ ರಟ್ಟು ಕಿತ್ತು, ಹಾಳೆಗಳನ್ನು ಕಣದಲ್ಲಿ ಕಾಫಿಯಂತೆ ಹರಡಲಾಗುವುದಿಲ್ಲವಲ್ಲ, ಕೋಣೆಯೊಳಗೇ ಒಣಗಿಸಿ, ಹರಿದು, ಬಚ್ಚಲ ಹಂಡೆಯ ಒಲೆಗೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇವೆ. ಇಬ್ಬರು ಎದುರಿರಬೇಕು. ಬೂದಿಯನ್ನು ಕೋಲಿನಿಂದ ಕೆದಕಿ ಅಕ್ಷರ ಉಳಿದಿಲ್ಲ ಎಂದು ನೋಡಿ, ಯಾವ ವರ್ಷದ ಎಷ್ಟು ಪುಸ್ತಕ ಎಂದು ಬರೆದು, ದಿನಾಂಕ ಹಾಕಿ, ಇಬ್ಬರೂ ಸಹಿ ಮಾಡುತ್ತೇವೆ.